ಮಾರ್ಲಿನ್: ಗಾಳಕ್ಕೆ ಬಿದ್ದದ್ದು ಬೇರೆ, ಕಾವಲಿಗೆ ಬೇಕಾದದ್ದು ಬೇರೆ

ಪ್ರಶ್ನೆ: ನಾವು ಉಡುಪಿ ಕಡೆಯವರು, ಬೆಂಗಳೂರಿನಲ್ಲಿ ನೆಲೆಸಿದ್ದೇವೆ. ಜನವರಿಯಲ್ಲಿ ಮಗ-ಸೊಸೆಯ ಜೊತೆ ಮಾರಿಷಸ್‌ಗೆ ಹೋಗಿದ್ದೆವು. ಅಲ್ಲಿ ರಿವಿಯೆರ್ ನ್ವಾರ್ ಎಂಬ ಊರಿನಿಂದ ಬಾಡಿಗೆ ಬೋಟಿನಲ್ಲಿ ಹೊರಟ ಮಗನ ಗಾಳಕ್ಕೆ 190 ಕಿಲೋ ತೂಕದ ನೀಲಿ ಮಾರ್ಲಿನ್ ಬಿತ್ತು. ಎಳೆದು ತರಲು ಎರಡು ಗಂಟೆ ಹಿಡಿಯಿತಂತೆ. ದಡದಲ್ಲಿ ನೇತುಹಾಕಿ ಫೋಟೊ ತೆಗೆದ ಮೇಲೆ ಮೀನನ್ನು ಬೋಟಿನವರೇ ಇಟ್ಟುಕೊಂಡರು. ಹಣ ಕೊಟ್ಟವರು ನಾವು, ಮೀನು ಅವರದ್ದು. ಇದು ಯಾವ ನ್ಯಾಯ? ಹೋಟೆಲಿನಲ್ಲಿ ಹೊಗೆ ಹಾಕಿದ ಮಾರ್ಲಿನ್ ತಿಂದೆವು, ಬಹಳ ರುಚಿಯಾಗಿತ್ತು. ಊರಿಗೆ ಬಂದ ಮೇಲೆ ಮಲಯಾಳಿಗಳ ಮೀನಂಗಡಿಯಲ್ಲಿ ‘ಓಲ ಮೀನು ಎಂದರೆ ಮಾರ್ಲಿನ್ನೇ’ ಎಂದು ಕೊಟ್ಟ ಎರಡು ಕಿಲೋ ತಂದೆ. ರಾತ್ರಿಯಿಡೀ ಹುಣಸೆಹಣ್ಣು-ಮೆಣಸಿನ ಮಸಾಲೆ ಹಚ್ಚಿಟ್ಟು, ಅಂಜಲಿನ ಹಾಗೆ ರವೆಯಲ್ಲಿ ಹೊರಳಿಸಿ ಹುರಿದರೆ ಮರದ ಚಕ್ಕೆಯಂತಾಯಿತು. ಅದು ಬೇರೆ ಮೀನೇ ಇರಬಹುದೇ? ಹುರಿದದ್ದರಲ್ಲಿ ಅರ್ಧ ಹಾಗೆಯೇ ಉಳಿದಿದೆ, ಹಸಿ ಮೀನು ಒಂದು ಕಿಲೋ ಫ್ರೀಜರಿನಲ್ಲಿದೆ. ಮಗ ಮುಂದಿನ ವರ್ಷವೂ ಮಾರಿಷಸ್‌ಗೆ ಹೋಗುತ್ತೇನೆ ಎನ್ನುತ್ತಾನೆ, ಹೋಗುವ ಮೊದಲು ಅವನಿಗೆ ತಿಳಿದಿರಬೇಕಾದದ್ದೇನು? ಸೊಸೆ ಈಗ ಐದು ತಿಂಗಳ ಬಸುರಿ, ಅವಳಿಗೆ ಈ ಮೀನು ಬಡಿಸಬಹುದೇ?

ಉತ್ತರ: ಕೊನೆಯಲ್ಲಿ ಕೇಳಿದ್ದಕ್ಕೇ ಮೊದಲು ಹೇಳಿಬಿಡುತ್ತೇನೆ. ಸೊಸೆಗೆ ಬೇಡ, ಒಂದು ತುಂಡೂ ಬೇಡ.

ಮಾರ್ಲಿನ್ ಮಾಂಸದಲ್ಲಿ ಮೀಥೈಲ್ ಪಾದರಸ ಇರುತ್ತದೆ. ಹುರಿದರೂ, ಕುದಿಸಿದರೂ, ಹೊಗೆ ಹಾಕಿದರೂ ಅದು ಹೋಗುವುದಿಲ್ಲ. ಸಮುದ್ರದ ನೀರಿನಲ್ಲಿ ಲೆಕ್ಕಕ್ಕೇ ಬಾರದಷ್ಟಿರುವ ಈ ವಿಷ ಸೂಕ್ಷ್ಮಜೀವಿಗಳಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ಟ್ಯೂನಾಕ್ಕೆ, ಟ್ಯೂನಾವನ್ನು ತಿನ್ನುವ ಮಾರ್ಲಿನ್‌ಗೆ ಏರುತ್ತಾ ಮೆಟ್ಟಿಲು ಮೆಟ್ಟಿಲಿಗೂ ಸಾಂದ್ರವಾಗುತ್ತದೆ. ಮೀನಿಗೆ ವಯಸ್ಸಾದಷ್ಟೂ ಸಂಗ್ರಹ ಹೆಚ್ಚು. ನೀಲಿ ಮಾರ್ಲಿನ್‌ಗಳಲ್ಲಿ ಹೆಣ್ಣುಗಳು ಇಪ್ಪತ್ತು ವರ್ಷದವರೆಗೂ ಬದುಕುತ್ತವೆ. ಗರ್ಭಿಣಿ ತಿಂದ ಮೀಥೈಲ್ ಪಾದರಸ ಮಾಸುಚೀಲವನ್ನು ದಾಟಿ ಶಿಶುವಿನ ಮಿದುಳಿನ ಬೆಳವಣಿಗೆಗೆ ಅಡ್ಡಿಯಾಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಮಕ್ಕಳು ದೂರವಿಡಬೇಕಾದ ಮೀನುಗಳ ಪಟ್ಟಿಯಲ್ಲಿ ಮಾರ್ಲಿನ್ನನ್ನು ಶಾರ್ಕ್ ಮತ್ತು ಕತ್ತಿಮೀನಿನ ಜೊತೆಗೆ ಸೇರಿಸಿದೆ. ಆಸ್ಟ್ರೇಲಿಯಾ ಸ್ವಲ್ಪ ಸಡಿಲ: ಗರ್ಭಿಣಿಯರಿಗೆ ಹದಿನೈದು ದಿನಕ್ಕೊಮ್ಮೆ 150 ಗ್ರಾಂ, ಆ ಹದಿನೈದು ದಿನ ಬೇರೆ ಯಾವ ಮೀನೂ ಇಲ್ಲ. ಕರಾವಳಿಯ ಮನೆಯಲ್ಲಿ ಹದಿನೈದು ದಿನ ಬೇರೆ ಮೀನಿಲ್ಲದೆ ಇರುವುದಕ್ಕಿಂತ ಮಾರ್ಲಿನ್ ಬಿಡುವುದೇ ಸುಲಭ. ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ನಿಗದಿಪಡಿಸುವ ಕೋಡೆಕ್ಸ್ ಆಯೋಗ 2018ರಲ್ಲಿ ಮೀಥೈಲ್ ಪಾದರಸಕ್ಕೆ ಟ್ಯೂನಾದಲ್ಲಿ ಕಿಲೋಗೆ 1.2 ಮಿಲಿಗ್ರಾಂ ಮಿತಿ ಹಾಕಿ, ಮಾರ್ಲಿನ್‌ಗೆ 1.7 ಮಿಲಿಗ್ರಾಂವರೆಗೆ ಬಿಟ್ಟುಕೊಟ್ಟಿತು. ಹೆಚ್ಚು ಸುರಕ್ಷಿತ ಎಂದು ಬಿಟ್ಟುಕೊಟ್ಟದ್ದಲ್ಲ. ಮಿತಿಯನ್ನು ಇನ್ನೂ ಇಳಿಸಿದರೆ ಮಾರುಕಟ್ಟೆಗೆ ಬರುವ ಮಾರ್ಲಿನ್‌ಗಳಲ್ಲಿ ಬಹಳಷ್ಟನ್ನು ಎಸೆಯಬೇಕಾಗುತ್ತಿತ್ತು.

ಮಾರಿಷಸ್‌ನಲ್ಲಿ ಒಂದೆರಡು ಸಲ ತಿಂದಿದ್ದಾಳೆ ಎಂದು ಗಾಬರಿಯಾಗಬೇಡಿ. ಪಾದರಸದ ಕೇಡು ಪದೇ ಪದೇ ತಿನ್ನುವುದರಿಂದ ಕೂಡುವಂಥದ್ದು. ಮುಂದಿನ ತಪಾಸಣೆಯಲ್ಲಿ ವೈದ್ಯರ ಕಿವಿಗೆ ಹಾಕಿದರೆ ಸಾಕು. ಹೋಟೆಲಿನಲ್ಲಿ ಕೊಡುವ ಹೊಗೆ ಹಾಕಿದ ಮಾರ್ಲಿನ್ ಬೆಂದ ಪದಾರ್ಥವೂ ಅಲ್ಲ, ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯದ ಕಾರಣಕ್ಕೆ ಅಂಥದ್ದನ್ನು ಬಸುರಿಯರು ಹೇಗೂ ತಿನ್ನಬಾರದು. ಹಾಗೆಂದು ಅವಳಿಗೆ ಮೀನನ್ನೇ ನಿಲ್ಲಿಸಬೇಡಿ. ಬೂತಾಯಿ, ಬಂಗುಡೆ, ಕಾಣೆ ಧಾರಾಳವಾಗಿ ಕೊಡಿ. ಇಂಗ್ಲಿಷಿನಲ್ಲಿ ಬಂಗುಡೆಗೂ ಮ್ಯಾಕರೆಲ್ ಎನ್ನುವುದರಿಂದ, ಅಮೆರಿಕದ ಪಟ್ಟಿಯಲ್ಲಿರುವ ‘ಕಿಂಗ್ ಮ್ಯಾಕರೆಲ್’ ಎಂಬ ಹೆಸರು ನೋಡಿ ಬಂಗುಡೆಯನ್ನು ಬಿಟ್ಟವರು ಬಹಳ ಮಂದಿ ಇದ್ದಾರೆ. ಅದು ಅಟ್ಲಾಂಟಿಕ್‌ನ ದೊಡ್ಡ ಮೀನು, ನಮ್ಮ ಅಂಜಲಿನ ದಾಯಾದಿ. ಬಂಗುಡೆಗೂ ಅದಕ್ಕೂ ಹೋಲಿಕೆಯಿಲ್ಲ. ದೊಡ್ಡ ಅಂಜಲನ್ನು ಮಾತ್ರ ಹೆರಿಗೆಯಾಗುವವರೆಗೆ ಅಪರೂಪಕ್ಕೆ ಇಟ್ಟುಕೊಳ್ಳಿ.

ಇನ್ನು ಮಗನ ಮೀನಿನ ವಿಷಯಕ್ಕೆ ಬರೋಣ. ಮಾರ್ಲಿನ್ ವಿಚಾರದಲ್ಲಿ ಜನ ಎರಡು ಮೀನುಗಳನ್ನು ಒಂದೆಂದು ಭಾವಿಸುತ್ತಾರೆ. ಗಾಳ ಹಾಕುವವರಿಗೆ ಬೇಕಾದ ಮಾರ್ಲಿನ್ ದೊಡ್ಡದು, ಹಳೆಯದು, ಗಂಟೆಗಟ್ಟಲೆ ಕಾದಾಡುವಂಥದ್ದು. ಅಡುಗೆಯವರಿಗೆ ಬೇಕಾದದ್ದು ಸಾಧಾರಣ ಗಾತ್ರದ್ದು, ಹೆಚ್ಚು ಒದ್ದಾಡದೆ ಸತ್ತದ್ದು, ಸತ್ತ ತಕ್ಷಣ ಐಸಿಗೆ ಹೋದದ್ದು. ಒಂದಕ್ಕೆ ಹೊಂದಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ನಿಮ್ಮ ಪ್ರಶ್ನೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟಿವೆ.

ಮಾರ್ಲಿನ್ ಬೆಚ್ಚಗಿನ ಸಾಗರಗಳ ಮೇಲ್ಪದರದಲ್ಲಿ ಅಲೆಯುವ ಬೇಟೆಗಾರ. ಹಿಂದೂ ಮಹಾಸಾಗರದಲ್ಲಿ ನೀಲಿ, ಕಪ್ಪು, ಪಟ್ಟೆ ಮಾರ್ಲಿನ್ ಎಂದು ಮೂರು ಬಗೆ ಇವೆ. ಬೆನ್ನ ಮೇಲೆ ಹಾಯಿಯಂಥ ರೆಕ್ಕೆಯುಳ್ಳ ಸೇಲ್‌ಫಿಶ್ ಇವುಗಳ ಕುಟುಂಬದ್ದೇ. ಕತ್ತಿಮೀನು ಮಾತ್ರ ಬೇರೆ ಕುಟುಂಬ. ಅದರ ಕೊಂಬು ಚಪ್ಪಟೆ, ಮಾರ್ಲಿನ್‌ನದು ದುಂಡು. ಈ ಕೊಂಬಿನಿಂದ ಮಾರ್ಲಿನ್ ಬೇಟೆಯನ್ನು ಇರಿಯುವುದಕ್ಕಿಂತ ಹೆಚ್ಚಾಗಿ ಬೀಸಿ ಹೊಡೆಯುತ್ತದೆ, ಏಟು ತಿಂದು ತತ್ತರಿಸಿದ ಮೀನನ್ನು ತಿರುಗಿ ಬಂದು ನುಂಗುತ್ತದೆ. ಕಣ್ಣಿನ ಸ್ನಾಯುವೊಂದು ಮಾರ್ಪಟ್ಟು ಶಾಖ ಹುಟ್ಟಿಸುವ ಅಂಗವಾಗಿದೆ. ತಣ್ಣಗಿನ ಆಳಕ್ಕೆ ಇಳಿದಾಗಲೂ ಮಿದುಳು ಮತ್ತು ಕಣ್ಣು ಬೆಚ್ಚಗಿದ್ದು ಚುರುಕಾಗಿರುತ್ತವೆ. ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಈಜುತ್ತದೆ ಎಂದು ಪ್ರವಾಸಿ ಬೋಟುಗಳಲ್ಲಿ ಹೇಳುತ್ತಾರೆ. ಕೇಳಿ ನಕ್ಕುಬಿಡಿ. ಗಾಳದ ದಾರ ಓಡುವುದನ್ನು ನೋಡಿ ಯಾರೋ ಊಹಿಸಿದ ಹಳೆಯ ಲೆಕ್ಕ ಅದು, ಉಪಕರಣ ಹಚ್ಚಿ ಅಳೆದಾಗ ಅದರ ಹತ್ತಿರಕ್ಕೂ ಬಂದಿಲ್ಲ.

ಮಗ ಹಿಡಿದದ್ದು ನೀಲಿಯೇ ಎಂದು ಖಾತ್ರಿ ಮಾಡಿಕೊಳ್ಳಬೇಕಾದರೆ ಫೋಟೊ ನೋಡಿ. ಆ ಗಾತ್ರದ ಕಪ್ಪು ಮಾರ್ಲಿನ್‌ಗೆ ಎದೆಯ ರೆಕ್ಕೆಗಳು ಬಿಗಿಯಾಗಿ ಚಾಚಿ ನಿಂತಿರುತ್ತವೆ, ಮೈಗೆ ಒತ್ತಿ ಮಡಚಲು ಬರುವುದಿಲ್ಲ. ಮಡಚಿದ್ದರೆ ನೀಲಿ. 190 ಕಿಲೋ ಎಂದರೆ ಅದು ಹೆಣ್ಣು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನೀಲಿ ಮಾರ್ಲಿನ್‌ನ ಗಂಡುಗಳು 150 ಕಿಲೋ ದಾಟುವುದೇ ಅಪರೂಪ, ದಾಖಲೆಯ ದೈತ್ಯಗಳೆಲ್ಲ ಹೆಣ್ಣುಗಳು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಾರಿಷಸ್‌ನ ನೈಋತ್ಯ ಕರಾವಳಿಯಲ್ಲಿ ಹವಳದ ದಿಬ್ಬ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲೇ ಸಮುದ್ರತಳ ನೂರಾರು ಮೀಟರ್ ಆಳಕ್ಕೆ ಕುಸಿಯುತ್ತದೆ. ಆಳದ ನೀರಿನ ಮೀನನ್ನು ಹುಡುಕಿ ಇಡೀ ದಿನ ಓಡಬೇಕಿಲ್ಲ. ಲ ಮೋರ್ನ್ ಬೆಟ್ಟ ಕಣ್ಣಿಗೆ ಕಾಣುತ್ತಿರುವಾಗಲೇ ಗಾಳ ಬಿಡಬಹುದು. ನವೆಂಬರಿನಿಂದ ಮಾರ್ಚ್-ಏಪ್ರಿಲ್‌ವರೆಗೆ ನೀರು ಬೆಚ್ಚಗಿದ್ದಾಗ ನೀಲಿ ಮಾರ್ಲಿನ್ ಹೆಚ್ಚು. ಬೋಟು ಏಳೆಂಟು ನಾಟ್ ವೇಗದಲ್ಲಿ ಸಾಗುತ್ತದೆ, ಹಿಂದೆ ಬಣ್ಣದ ಝಾಲರಿಯುಳ್ಳ ಹುಸಿಮೀನುಗಳು ನೊರೆಯೆಬ್ಬಿಸುತ್ತಾ ಬರುತ್ತವೆ. ದಾರಗಳು ಒಂದಕ್ಕೊಂದು ಸಿಕ್ಕಾಗದಂತೆ ಎರಡೂ ಬದಿಗೆ ಉದ್ದನೆಯ ಕಂಬಗಳು ಚಾಚಿರುತ್ತವೆ. ಮೀನು ಕಚ್ಚಿದ ಕ್ಷಣ ರೀಲ್ ಕಿರುಚುತ್ತದೆ, ನೂರಾರು ಮೀಟರ್ ದಾರ ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಡುತ್ತದೆ. ಆಮೇಲಿನದು ರೀಲಿನ ಬ್ರೇಕು, ಬೆಲ್ಟು ಕಟ್ಟಿದ ಕುರ್ಚಿ, ನಾಯಕನ ಕೈಚಳಕ ಇವುಗಳ ಆಟ. ರೀಲಿನ ಬ್ರೇಕನ್ನು ಸಾಮಾನ್ಯವಾಗಿ ದಾರ ತುಂಡಾಗುವ ಬಲದ ಮೂರನೇ ಒಂದು ಭಾಗಕ್ಕೆ ಹೊಂದಿಸುತ್ತಾರೆ. ಅದಕ್ಕಿಂತ ಬಿಗಿ ಮಾಡಿದರೆ ಮೀನು ಒಮ್ಮೆ ಹಾರಿ ತಲೆ ಒದರಿದ ಕೂಡಲೇ ದಾರ ಹೋಗುತ್ತದೆ. ಮೇಲೆ ಹಾರುವ ಮೀನು ಬೇಗ ದಣಿಯುತ್ತದೆ. ಕೆಳಗಿಳಿದು ಕುಳಿತ ಮೀನೇ ಕಷ್ಟದ್ದು. ಆಳದಲ್ಲಿ ಸತ್ತರಂತೂ ಇಡೀ ಹೆಣದ ಭಾರವನ್ನು ಅಂಗುಲ ಅಂಗುಲವಾಗಿ ಎತ್ತಬೇಕು.

ಇದನ್ನು ಕ್ರೀಡೆ ಎಂದು ಕರೆದವರು ಅದಕ್ಕೆ ಕಟ್ಟುನಿಟ್ಟಿನ ನಿಯಮಗಳನ್ನೂ ಮಾಡಿಟ್ಟಿದ್ದಾರೆ. 1939ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಘದ ಪ್ರಕಾರ, ಮೀನು ಕಚ್ಚಿದ ಮೇಲೆ ರಾಡನ್ನು ಒಬ್ಬನೇ ಹಿಡಿದಿರಬೇಕು. ಅವರ ಪಟ್ಟಿಯಲ್ಲಿ ಅತಿ ದೊಡ್ಡ ಮಾರ್ಲಿನ್ 1953ರ ಆಗಸ್ಟ್ 4ರಂದು ಪೆರುವಿನ ಕಾಬೊ ಬ್ಲಾಂಕೊದಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ ಕಪ್ಪು ಮಾರ್ಲಿನ್, 707 ಕಿಲೋ. 1970ರಲ್ಲಿ ಹವಾಯಿಯ ಓಅಹು ದ್ವೀಪದ ಬಳಿ ಇದಕ್ಕಿಂತಲೂ ದೊಡ್ಡದು, ಸುಮಾರು 819 ಕಿಲೋದ ನೀಲಿ ಮಾರ್ಲಿನ್ ಸಿಕ್ಕಿತ್ತು. ರಾಡಿಗೆ ಹಲವರು ಕೈಹಾಕಿದ್ದರಿಂದ ಅದು ದಾಖಲೆಗೆ ಸೇರಲಿಲ್ಲ. 2023ರ ಜೂನ್‌ನಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದ ಬಿಗ್ ರಾಕ್ ಪಂದ್ಯದಲ್ಲಿ 281 ಕಿಲೋದ ಮೀನು ತಂದ ತಂಡಕ್ಕೆ 30 ಲಕ್ಷ ಡಾಲರಿಗೂ ಹೆಚ್ಚಿನ ಬಹುಮಾನ ಕೈತಪ್ಪಿತು. ಮೀನಿಗೆ ಶಾರ್ಕ್ ಕಚ್ಚಿದ ಗಾಯವಿತ್ತು ಎಂಬುದೇ ಕಾರಣ. ಗಾಯಗೊಂಡ ಮೀನು ಪೂರ್ಣ ಬಲದಿಂದ ಕಾದಾಡಿಲ್ಲ ಎಂಬುದು ನಿಯಮದ ಹಿಂದಿನ ತರ್ಕ. ನೋಡಿ, ಆಟಗಾರರಿಗೆ ಕಾದಾಟವೇ ಮುಖ್ಯ. ಮಾಂಸ ಹೇಗಿದೆ ಎಂದು ತೂಕದ ಕಂಬದ ಬಳಿ ಯಾರೂ ಕೇಳುವುದಿಲ್ಲ.

ಮಾಂಸದ ಕಡೆಯಿಂದ ನೋಡಿದರೆ ಆ ಕಾದಾಟವೇ ಶಾಪ. ಹಾರುವಾಗ, ದಾರ ಎಳೆಯುವಾಗ ಮೀನಿನ ಸ್ನಾಯುಗಳು ಆಮ್ಲಜನಕ ಸಾಲದೆ ಶಕ್ತಿ ಉರಿಸುತ್ತವೆ. ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ಮೈ ಕಾವೇರುತ್ತದೆ. ಹಾಗೆ ಬಿಸಿಯಾಗಿ, ಹುಳಿಯಾಗಿ ಸತ್ತ ಮೀನಿನ ಮಾಂಸ ಬಣ್ಣಗೆಡುತ್ತದೆ, ನೀರು ಬಿಡುತ್ತದೆ, ಬೆಂದಾಗ ಪುಡಿಪುಡಿಯಾಗುತ್ತದೆ. ಟ್ಯೂನಾ ವ್ಯಾಪಾರಿಗಳು ಇಂಥದ್ದನ್ನು ‘ಸುಟ್ಟ ಮಾಂಸ’ ಎಂದು ಕರೆದು ಬೆಲೆ ಇಳಿಸುತ್ತಾರೆ. ಇದರ ಮೇಲೆ ಎರಡನೆಯ ಅಪಾಯವಿದೆ. ಮಾರ್ಲಿನ್ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೇರಳ. ಸತ್ತ ಮೀನು ಬೆಚ್ಚಗಿದ್ದರೆ ಬ್ಯಾಕ್ಟೀರಿಯಗಳು ಅದನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರಿ ಉರಿಯುತ್ತದೆ, ತಲೆ ಸಿಡಿಯುತ್ತದೆ, ಮೈಮೇಲೆ ದದ್ದು ಏಳುತ್ತದೆ. ಎಷ್ಟೋ ಮಂದಿ ‘ನನಗೆ ಮೀನಿನ ಅಲರ್ಜಿ’ ಎಂದುಕೊಂಡು ಬದುಕಿಡೀ ಮೀನು ಬಿಟ್ಟಿರುತ್ತಾರೆ, ತಪ್ಪು ಐಸಿನದ್ದಾಗಿರುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೂ ಹೋಗದು, ಫ್ರೀಜರಿನಲ್ಲಿಟ್ಟರೂ ಹೋಗದು.

ಎರಡು ಗಂಟೆ ಕಾದಾಡಿದ, ಐಸ್ ಪೆಟ್ಟಿಗೆಗೆ ಹಿಡಿಸದ, ದಡಕ್ಕೆ ಬಂದ ಮೇಲೂ ಬಿಸಿಲಿನಲ್ಲಿ ಬಾಲ ಮೇಲಾಗಿ ನೇತಾಡಿದ 190 ಕಿಲೋ ಮೀನನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ಫೋಟೊಗೆ ಅದರಷ್ಟು ಚಂದದ್ದು ಇನ್ನೊಂದಿಲ್ಲ. ನನ್ನ ಅಡುಗೆಮನೆಗೆ ಮಾತ್ರ ಅದು ಬೇಡ.

ಮೀನು ಬೋಟಿನವರದ್ದಾದದ್ದು ಅನ್ಯಾಯವೇ ಎಂದು ಕೇಳಿದ್ದೀರಿ. ಅಲ್ಲ, ಅದು ಅಲ್ಲಿಯ ರೂಢಿ. ಬಾಡಿಗೆ ಕೊಟ್ಟು ನೀವು ಕೊಂಡದ್ದು ಬೋಟು, ಸಲಕರಣೆ ಮತ್ತು ದಿನದ ಬೇಟೆಯನ್ನು. ಮೀನಿನ ಮಾರಾಟ ನಾಯಕನ ಮತ್ತು ಆಳುಗಳ ಸಂಪಾದನೆಯ ಭಾಗ. ಹವಾಯಿಯ ಕೋನಾದಲ್ಲೂ ಬಹಳ ಕಾಲದಿಂದ ಹೀಗೆಯೇ. ಹೊರಡುವ ಮೊದಲು ಕೇಳಿಕೊಂಡಿದ್ದರೆ ಊಟಕ್ಕಾಗುವಷ್ಟು ತುಂಡು ಕೊಡುತ್ತಿದ್ದರು. ಮೀನು ದಡಕ್ಕೆ ಬಂದ ಮೇಲೆ ಜಗಳ ತೆಗೆದರೆ ಏನೂ ಗಿಟ್ಟದು.

ಮುಂದಿನ ಸಲ ಹೋದಾಗ ಹಿಡಿದ ಮೀನನ್ನು ಮತ್ತೆ ಸಮುದ್ರಕ್ಕೇ ಬಿಡಿಸಿ ಎಂದೇ ನನ್ನ ಸಲಹೆ. ಮಾರ್ಲಿನ್ ಕಡಿಮೆಯಾಗಿರುವುದು ಪ್ರವಾಸಿಗಳ ಗಾಳದಿಂದಲ್ಲ, ಟ್ಯೂನಾಕ್ಕೆಂದು ಹಾಕುವ ಉದ್ದಸಾಲಿನ ಗಾಳಗಳಿಂದ ಮತ್ತು ಗಿಲ್‌ನೆಟ್‌ಗಳಿಂದ. ಹಿಂದೂ ಮಹಾಸಾಗರದ ಟ್ಯೂನಾ ಆಯೋಗ 2018ರಲ್ಲಿ ನಾಲ್ಕು ಬಗೆಯ ಕೊಂಬುಮೀನುಗಳಿಗೆ ವರ್ಷಕ್ಕೆ ಇಷ್ಟೇ ಹಿಡಿಯಬೇಕೆಂಬ ಮಿತಿ ಹಾಕಿತು: ನೀಲಿ ಮಾರ್ಲಿನ್‌ಗೆ 11,930 ಟನ್, ಕಪ್ಪಿಗೆ 9,932, ಪಟ್ಟೆಗೆ 3,260, ಸೇಲ್‌ಫಿಶ್‌ಗೆ 25,000. ಕೆಳದವಡೆಯಿಂದ ಬಾಲದ ಕವಲಿನವರೆಗೆ 60 ಸೆಂಟಿಮೀಟರ್ ಇಲ್ಲದ ಮರಿಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂದೂ ಹೇಳಿತು. ಮೂರು ಮಾರ್ಲಿನ್‌ಗಳಲ್ಲಿ ಪಟ್ಟೆ ಮಾರ್ಲಿನ್‌ನ ಸ್ಥಿತಿ ವರ್ಷಗಳಿಂದ ಚೆನ್ನಾಗಿಲ್ಲ. ಇಂಥ ಟನ್ನುಗಳ ಮುಂದೆ ನಿಮ್ಮ ಮಗನ ಒಂದು ಮೀನು ಯಾವ ಲೆಕ್ಕ ಎಂದು ಕೇಳಬಹುದು. ಒಪ್ಪುತ್ತೇನೆ. ಆದರೆ ಅದು ಲಕ್ಷಗಟ್ಟಲೆ ಮೊಟ್ಟೆ ಇಡುವ ದೊಡ್ಡ ಹೆಣ್ಣು, ಮಾಂಸಕ್ಕೆ ಒಳ್ಳೆಯದಲ್ಲ, ಪಾದರಸವೂ ಹೆಚ್ಚು. ಕೊಂದು ಯಾರಿಗೆ ಏನು ಲಾಭ?

ಬಿಡುವುದಕ್ಕೂ ಒಂದು ಕ್ರಮವಿದೆ, ಅದನ್ನು ಬೋಟು ಹತ್ತುವ ಮೊದಲೇ ನಾಯಕನ ಜೊತೆ ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ಮೀನಿನ ಬೆಲೆ ಕೈಬಿಡುತ್ತಿರುವುದು ಅವನು, ಹಾಗಾಗಿ ಸ್ವಲ್ಪ ಹೆಚ್ಚು ಹಣ ಕೊಡುವುದು ಮರ್ಯಾದೆ. ನಿಜವಾದ ಮೀನನ್ನು ಆಮಿಷವಾಗಿ ಕಟ್ಟುವುದಾದರೆ ತುದಿ ಒಳಕ್ಕೆ ಬಾಗಿರುವ ವೃತ್ತಾಕಾರದ ಗಾಳ ಬಳಸಲು ಹೇಳಿ. ಅದು ಹೊಟ್ಟೆಗೆ ಇಳಿಯದೆ ದವಡೆಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ, ಬಿಟ್ಟ ಮೇಲೆ ಮೀನು ಬದುಕುವ ಸಾಧ್ಯತೆ ಎಷ್ಟೋ ಹೆಚ್ಚು. ದಪ್ಪ ದಾರ ಬಳಸಿ ಕಾದಾಟವನ್ನು ಬೇಗ ಮುಗಿಸಲಿ, ಸಣ್ಣ ದಾರದಲ್ಲಿ ದೊಡ್ಡ ಮೀನು ಎಂಬ ಬಡಾಯಿ ಬೇಡ. ಬೋಟಿನ ಪಕ್ಕಕ್ಕೆ ಬಂದ ಮೀನನ್ನು ಮೇಲೆತ್ತದೆ, ನೀರಿನಲ್ಲೇ ಕೊಂಬು ಹಿಡಿದು, ಬೋಟನ್ನು ನಿಧಾನವಾಗಿ ಮುಂದಕ್ಕೆ ನಡೆಸಬೇಕು. ಮಾರ್ಲಿನ್‌ಗೆ ಮುಂದಕ್ಕೆ ಚಲಿಸಿದರೆ ಮಾತ್ರ ಕಿವಿರುಗಳಿಗೆ ನೀರು ನುಗ್ಗಿ ಉಸಿರಾಟ ಸಾಧ್ಯ. ಮಾಸಿದ್ದ ಮೈಬಣ್ಣ ಮತ್ತೆ ನೀಲಿಗೆ ತಿರುಗಿ, ಬಾಲ ತಾನಾಗಿ ಬಡಿಯತೊಡಗಿದಾಗ ಕೈಬಿಟ್ಟರಾಯಿತು. ಫೋಟೊವನ್ನೂ ಆಗಲೇ ತೆಗೆಯಲಿ.

ಇನ್ನು ಅಡುಗೆ. ಅಂಗಡಿಯವರು ನಿಮಗೆ ಮೋಸ ಮಾಡಿಲ್ಲ. ಕೇರಳದಲ್ಲಿ ಸೇಲ್‌ಫಿಶ್, ಮಾರ್ಲಿನ್ ಎರಡಕ್ಕೂ ಓಲ ಮೀನು ಎನ್ನುವುದು ರೂಢಿ. ಕೊಚ್ಚಿಯ ಬಂದರಿಗೆ ಆಳಸಮುದ್ರದ ಬೋಟುಗಳು ಇವನ್ನು ತರುತ್ತವೆ, ಮಂಗಳೂರು-ಮಲ್ಪೆಯ ಧಕ್ಕೆಗಳಿಗೂ ಆಗೊಮ್ಮೆ ಈಗೊಮ್ಮೆ ಬರುತ್ತವೆ. ತಲೆ, ಬೆನ್ನಿನ ರೆಕ್ಕೆ ತೆಗೆದು ತುಂಡು ಮಾಡಿದ ಮೇಲೆ ಯಾವುದು ಯಾವುದೆಂದು ಹೇಳುವುದು ಕಷ್ಟ, ಅಡುಗೆಗೆ ದೊಡ್ಡ ವ್ಯತ್ಯಾಸವೂ ಇಲ್ಲ. ಹಾಗಾದರೆ ಕೆಟ್ಟದ್ದು ಎಲ್ಲಿ? ಅಂಜಲಿನ ಲೆಕ್ಕದಲ್ಲಿ ಹುರಿದದ್ದರಲ್ಲಿ. ಅಂಜಲಿನಲ್ಲಿ ಕೊಬ್ಬಿದೆ, ಸ್ವಲ್ಪ ಹೆಚ್ಚು ಹೊತ್ತು ಕಾವಲಿಯ ಮೇಲಿದ್ದರೂ ಅದು ಕ್ಷಮಿಸುತ್ತದೆ. ಮಾರ್ಲಿನ್ ಜೀವಮಾನವಿಡೀ ಈಜಿ ಕಟ್ಟಿದ ಬರೀ ಸ್ನಾಯು. ನೂರರಲ್ಲಿ ಇಪ್ಪತ್ತಕ್ಕೂ ಹೆಚ್ಚು ಭಾಗ ಪ್ರೋಟೀನು, ಕೊಬ್ಬು ಹೆಸರಿಗಷ್ಟೇ. ಒಳಗಿನ ಕಾವು 60 ಡಿಗ್ರಿ ಸೆಲ್ಸಿಯಸ್ ದಾಟಿ ಏರುತ್ತಿದ್ದಂತೆ ನಾರುಗಳು ಹಿಂಡಿಕೊಂಡು ನೀರನ್ನೆಲ್ಲ ಹೊರಹಾಕುತ್ತವೆ, ಆ ನೀರಿನ ಜಾಗ ತುಂಬಲು ಕೊಬ್ಬಿಲ್ಲ. ಅದಕ್ಕೂ ಮೊದಲೇ ರಾತ್ರಿಯಿಡೀ ಹುಣಸೆಹುಳಿಯಲ್ಲಿ ನೆನೆದು ಅರ್ಧ ಸತ್ವ ಹೋಗಿತ್ತು. ಹುಳಿ ತಾನೇ ಪ್ರೋಟೀನನ್ನು ಬೇಯಿಸಿದಂತೆ ಬಿಗಿ ಮಾಡುತ್ತದೆ. ಕೊಬ್ಬುಳ್ಳ ಬಂಗುಡೆಗೆ ಒಪ್ಪುವ ಉಪಚಾರ ಇದಕ್ಕೆ ಒಪ್ಪದು.

ಹೋಟೆಲಿನ ಹೊಗೆ ಹಾಕಿದ ಮಾರ್ಲಿನ್ ಯಾಕೆ ಅಷ್ಟು ಚೆನ್ನಾಗಿತ್ತು ಎಂಬುದರಲ್ಲೇ ಉಪಾಯ ಅಡಗಿದೆ. ಮೊದಲು ಉಪ್ಪಿನಲ್ಲಿಟ್ಟು, ಆಮೇಲೆ ಮಾಂಸ ಬೇಯದಷ್ಟು ತಣ್ಣನೆಯ ಹೊಗೆಯಲ್ಲಿಟ್ಟು, ಕೊನೆಗೆ ನಾರಿಗೆ ಅಡ್ಡಲಾಗಿ ಕಾಗದದಷ್ಟು ತೆಳ್ಳಗೆ ಕೊಯ್ಯುತ್ತಾರೆ. ಮಾರಿಷಸ್‌ನಲ್ಲಿ ಅದನ್ನು ನಿಂಬೆಹಣ್ಣಿನ ಜೊತೆ, ಇಲ್ಲವೇ ತಾಳೆ ಜಾತಿಯ ಮರದ ಎಳೆಯ ತಿರುಳಿನ ಸಲಾಡಿನ ಜೊತೆ ಕೊಡುತ್ತಾರೆ. ತಣ್ಣನೆಯ ಹೊಗೆಯ ಪ್ರಯೋಗವನ್ನು ಮನೆಯಲ್ಲಿ ಮಾಡಬೇಡಿ. ಉಷ್ಣತೆ ಹಿಡಿತಕ್ಕೆ ಸಿಗದಿದ್ದರೆ ಬ್ಯಾಕ್ಟೀರಿಯ ಬೆಳೆಯಲು ಅದು ಹದವಾದ ಜಾಗ. ಉಪ್ಪು, ಕಡಿಮೆ ಶಾಖ, ಅಡ್ಡ ಕೊಯ್ತ ಈ ಮೂರನ್ನು ಮಾತ್ರ ತೆಗೆದುಕೊಳ್ಳಿ.

ಫ್ರೀಜರಿನ ಒಂದು ಕಿಲೋವನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅಟ್ಟಕ್ಕೆ ಇಳಿಸಿ. ಅಡುಗೆಕಟ್ಟೆಯ ಮೇಲೆ ಕರಗಿಸಬೇಡಿ, ಹಿಸ್ಟಮಿನ್‌ನ ಮಾತು ಮೇಲೆಯೇ ಹೇಳಿದ್ದೇನೆ. ಬೆಳಿಗ್ಗೆ ಮೂಸಿ ನೋಡಿ, ಸಮುದ್ರದ ವಾಸನೆಯಷ್ಟೇ ಇರಬೇಕು. ಮಾಂಸದ ಮಧ್ಯೆ ಕಪ್ಪುಗೆಂಪು ತ್ರಿಕೋನವೊಂದು ಕಾಣುತ್ತದೆ, ಅದು ರಕ್ತ ತುಂಬಿದ ಸ್ನಾಯು. ತಾಜಾ ಇದ್ದರೆ ಕೆಂಪು, ಹಳೆಯದಾದರೆ ಕಂದು. ಎರಡರಲ್ಲಿ ಯಾವುದಿದ್ದರೂ ಕೊಯ್ದು ತೆಗೆಯಿರಿ, ಕಹಿ ಮತ್ತು ವಾಸನೆ ಅಲ್ಲಿಯದು. ಚರ್ಮವನ್ನೂ ಬಿಡಿಸಿ, ಅದು ಬೇಯುವುದಿಲ್ಲ, ಮುದುಡಿ ತುಂಡನ್ನು ಸೊಟ್ಟ ಮಾಡುತ್ತದೆ. ಒಂದು ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ ತುಂಡುಗಳನ್ನು ಅರ್ಧ ಗಂಟೆ ಮುಳುಗಿಸಿಡಿ. ನಾರುಗಳು ಸ್ವಲ್ಪ ಸಡಿಲಾಗಿ ನೀರನ್ನು ಹಿಡಿದುಕೊಳ್ಳುತ್ತವೆ, ಬೆಂದಾಗ ಕಳೆದುಕೊಳ್ಳುವುದು ಕಡಿಮೆಯಾಗುತ್ತದೆ. ತೆಗೆದು ಬಟ್ಟೆಯಲ್ಲಿ ಚೆನ್ನಾಗಿ ಒತ್ತಿ ಒರೆಸಿ.

ಹುರಿಯುವುದೇ ಆದರೆ ತುಂಡು ಒಂದು ಅಂಗುಲ ದಪ್ಪವಿರಲಿ. ತೆಳ್ಳಗಿನ ತುಂಡಿನ ಹೊರಗು ಕೆಂಪಾಗುವಷ್ಟರಲ್ಲಿ ಒಳಗು ಒಣಗಿರುತ್ತದೆ. ಮೆಣಸು, ಅರಿಸಿನ, ಬೆಳ್ಳುಳ್ಳಿಯ ಮಸಾಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿ, ಹುಳಿ ಹಾಕಬೇಡಿ, ಉಪ್ಪು ಆಗಲೇ ಹೋಗಿದೆ. ಬೀಡಿನ ಕಾವಲಿ ಚೆನ್ನಾಗಿ ಕಾದ ಮೇಲೆ ಇಟ್ಟು, ಎರಡೂ ಬದಿ ಎರಡೆರಡೂವರೆ ನಿಮಿಷ. ತುಂಡಿನ ಅಂಚನ್ನು ಪಕ್ಕದಿಂದ ನೋಡುತ್ತಿರಿ. ಬಿಳುಪು ಕೆಳಗಿನಿಂದ ಮೇಲಕ್ಕೆ ಏರುತ್ತಾ ಬರುವುದು ಸ್ಪಷ್ಟವಾಗಿ ಕಾಣುತ್ತದೆ; ತಿರುವಿದ ಮೇಲೆ ಎರಡೂ ಕಡೆಯ ಬಿಳುಪಿನ ನಡುವೆ ಗುಲಾಬಿ ಗೆರೆಯೊಂದು ಉಳಿದಿರುವಾಗಲೇ ಇಳಿಸಿಬಿಡಿ. ಮುಚ್ಚಿಟ್ಟರೆ ಅದು ತಟ್ಟೆಯಲ್ಲೇ ಬೇಯುತ್ತದೆ. ಅಡುಗೆಯ ಥರ್ಮಾಮೀಟರ್ ಇದ್ದರೆ 60 ಡಿಗ್ರಿ ಮುಟ್ಟುವಾಗ ತೆಗೆಯಿರಿ, ಎರಡು ನಿಮಿಷದಲ್ಲಿ ತಾನಾಗಿ 63ರ ಹತ್ತಿರ ಹೋಗಿ ನಿಲ್ಲುತ್ತದೆ. ಮೇಲ್ಮೈಯಲ್ಲಿ ಮೊಟ್ಟೆಯ ಬಿಳಿಯಂಥ ಹನಿಗಳು ಸಾಲಾಗಿ ಒಸರತೊಡಗಿದರೆ ಹದ ಮೀರಿತೆಂದೇ ತಿಳಿಯಿರಿ. ನಿಂಬೆಹಣ್ಣನ್ನು ಬಡಿಸುವಾಗ ಹಿಂಡಿದರಾಯಿತು.

ನನ್ನನ್ನು ಕೇಳಿದರೆ ಓಲ ಮೀನಿಗೆ ಹುರಿಯುವುದಕ್ಕಿಂತ ಗಸಿಯೇ ಸರಿ. ಮೀನಿಗಿಲ್ಲದ ಕೊಬ್ಬನ್ನು ತೆಂಗಿನಕಾಯಿ ಕೊಡುತ್ತದೆ, ಮುಳ್ಳಿನ ಕಾಟವೂ ಇಲ್ಲ. ನಮ್ಮಲ್ಲಿ ಮೀನು ಹಾಕಿ ಆಮೇಲೆ ಕುದಿಸುವ ಅಭ್ಯಾಸವಿದೆ, ಅದನ್ನು ಇಲ್ಲಿ ಬಿಡಬೇಕು. ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹುಳಿಯ ಅರೆದ ಮಸಾಲೆಯನ್ನು ಮೊದಲೇ ಪೂರ್ತಿ ಕುದಿಸಿ, ಹಸಿವಾಸನೆ ಹೋಗಿ ಎಣ್ಣೆ ಬಿಡುವವರೆಗೆ ಕಾಯಿರಿ. ಆಮೇಲೆ ಒಂದಂಗುಲದ ತುಂಡುಗಳನ್ನು ಹಾಕಿ, ಉರಿ ತಗ್ಗಿಸಿ, ನಾಲ್ಕೈದು ನಿಮಿಷ ಸಣ್ಣಗೆ ಕುದಿಸಿ ಆರಿಸಿ. ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಡಿ. ಕೇರಳದವರು ಕೊಡಂಪುಳಿ ಹಾಕಿ ಮಾಡುವ ಸಾರಿಗೂ ಇದೇ ಕ್ರಮ ಒಪ್ಪುತ್ತದೆ. ಪುಳಿಮುಂಚಿಯೂ ಆಗುತ್ತದೆ, ಆದರೆ ಅದರ ಗಟ್ಟಿ ಹುಳಿಯಲ್ಲಿ ಮರುದಿನಕ್ಕೆ ಮೀನು ಇನ್ನಷ್ಟು ಬಿಗಿಯಾಗುವುದರಿಂದ ಅಂದೇ ಮುಗಿಸಬೇಕು.

ಮಾರಿಷಸ್‌ನ ನೆನಪಿಗೆ ಮಾಡುವುದಾದರೆ ಅಲ್ಲಿಯ ವಿಂದಾಯ್ ಇದೆ, ನಿಮ್ಮ ಕೈಗೆ ಅದು ಹೊಸದೆನಿಸದು. ಸಣ್ಣ ತುಂಡುಗಳನ್ನು ಎಣ್ಣೆಯಲ್ಲಿ ಒಂದು ನಿಮಿಷ ಬಾಡಿಸಿ ತೆಗೆದು, ಅದೇ ಎಣ್ಣೆಯಲ್ಲಿ ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಸೀಳಿದ ಹಸಿಮೆಣಸು, ಅರಿಸಿನ, ಅರೆದ ಸಾಸಿವೆ ಹಾಕಿ, ಸ್ವಲ್ಪ ವಿನೆಗರ್ ಸುರಿದು ಮೀನನ್ನು ಮತ್ತೆ ಸೇರಿಸುವುದು. ಫ್ರಿಜ್ಜಿನಲ್ಲಿಟ್ಟು ಮರುದಿನ ತಿನ್ನುತ್ತಾರೆ, ಸಾಸಿವೆಯ ಖಾರ ಅಷ್ಟರಲ್ಲಿ ಹದಕ್ಕೆ ಬಂದಿರುತ್ತದೆ. ಇಲ್ಲಿ ವಿನೆಗರ್ ಇದ್ದರೂ ನಡೆಯುತ್ತದೆ, ಏಕೆಂದರೆ ತುಂಡು ಸಣ್ಣದು, ಸುತ್ತ ಎಣ್ಣೆ ಧಾರಾಳ.

ಈಗಾಗಲೇ ಚಕ್ಕೆಯಾಗಿರುವ ಆ ಹುರಿದ ತುಂಡುಗಳನ್ನು ಎಸೆಯಬೇಡಿ, ಅಂದಿನಿಂದ ಫ್ರೀಜರಿನಲ್ಲೇ ಇಟ್ಟಿದ್ದರೆ. ಮೆಕ್ಸಿಕೊದ ಮಜತ್ಲಾನ್‌ನಲ್ಲಿ ಹೊಗೆ ಹಾಕಿ ಒಣಗಿದ ಮಾರ್ಲಿನ್ನನ್ನು ಎಳೆ ಎಳೆಯಾಗಿ ಬಿಡಿಸಿ, ಟೊಮೆಟೊ-ಈರುಳ್ಳಿ-ಮೆಣಸಿನ ಜೊತೆ ಬಾಡಿಸಿ ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಾರೆ. ನಮ್ಮಲ್ಲಿ ತಾಟೆ (ಶಾರ್ಕ್) ಸುಕ್ಕ ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ರವೆ ಉದುರಿಸಿ, ತುಂಡುಗಳನ್ನು ಕೈಯಲ್ಲಿ ಹಿಸುಕಿ ಪುಡಿ ಮಾಡಿ. ಒಗ್ಗರಣೆಗೆ ಕರಿಬೇವು, ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ. ತುರಿದ ತೆಂಗಿನಕಾಯಿ ಒಂದು ಹಿಡಿ ಹೆಚ್ಚೇ ಇರಲಿ, ಹುಳಿ ಮಸಾಲೆಯಲ್ಲಿ ಆಗಲೇ ಇದೆ. ಬಾಯಿಗಿಡುವಾಗ ನಾಲಿಗೆಯ ಮೇಲೆ ಕಾಳುಮೆಣಸಿನಂಥ ಚುರುಚುರು ಅನಿಸಿದರೆ ಮಾತ್ರ ಉಗಿದು ಇಡೀ ಪಾತ್ರೆಯನ್ನು ಚೆಲ್ಲಿ, ಅದು ಹಿಸ್ಟಮಿನ್. ಹಾಗಿಲ್ಲದಿದ್ದರೆ ನೀವು, ಯಜಮಾನರು, ಮಗ ಊಟ ಮಾಡಿ. ಆ ದಿನ ಸೊಸೆಗೆ ಬೂತಾಯಿ ತನ್ನಿ.